ಹೊಲಿಗೆ ಯಂತ್ರ ಕೊಟ್ಟಾಯಿತು. ಸ್ವಾವಲಂಬನೆ ಬಂದಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ – ಬ್ಯಾಡಗಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ನಾವು ಏಳು ಜನ, ಅಂದರೆ ಮೂವರು ನಿವೃತ್ತ ಶಿಕ್ಷಕರು, ಇಬ್ಬರು ವರ್ತಕರು, ಒಬ್ಬ ವೈದ್ಯರು ಮತ್ತು ನಾನು, 2021ರಲ್ಲಿ ಒಂದು ಚಿಕ್ಕ ಸೇವಾ ಟ್ರಸ್ಟ್ ನೋಂದಾಯಿಸಿದೆವು. ಲಾಕ್‌ಡೌನ್ ಕಾಲದಲ್ಲಿ ನಾವು ದಿನಸಿ ಹಂಚುತ್ತಿದ್ದಾಗ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸಿ ಬದುಕುವವರು. ಮಾರುಕಟ್ಟೆಗೆ ಕಾಯಿ ಬರುವ ತಿಂಗಳುಗಳಲ್ಲಿ ಅವರಿಗೆ ಕೈತುಂಬ ಕೆಲಸ. ಮಳೆಗಾಲದಲ್ಲಿ ಮಾತ್ರ ಮನೆಯ ಒಲೆ ಸಾಲದಿಂದಲೇ ಉರಿಯಬೇಕು. ಪ್ರತಿ ವರ್ಷ ದಿನಸಿ ಹಂಚುವುದಕ್ಕಿಂತ ಇವರ ಕೈಗೆ ವರ್ಷವಿಡೀ ಕೆಲಸ ಸಿಗುವಂತೆ ಮಾಡುವುದೇ ಸರಿಯೆಂದು ನಮಗೆ ತೋರಿತು. ಮೂರು ತಿಂಗಳ ಹೊಲಿಗೆ ತರಬೇತಿ ಏರ್ಪಡಿಸಿದೆವು. ಕೊನೆಯಲ್ಲಿ ದಾನಿಗಳ ನೆರವಿನಿಂದ 24 ಮಂದಿಗೆ ಯಂತ್ರಗಳನ್ನು ಉಚಿತವಾಗಿ ಕೊಟ್ಟೆವು.

ಕಳೆದ ತಿಂಗಳು ಆ 24 ಮನೆಗಳಿಗೂ ನಾನೇ ಹೋಗಿ ಬಂದೆ. ಒಂಬತ್ತು ಮನೆಗಳಲ್ಲಿ ಯಂತ್ರ ದಿನವೂ ನಡೆಯುತ್ತಿದೆ. ಆರು ಮನೆಗಳಲ್ಲಿ ಯಂತ್ರವೇ ಇಲ್ಲ. ಎರಡು ಮಾರಾಟವಾಗಿವೆ, ನಾಲ್ಕು ಗಿರವಿಗೆ ಹೋಗಿವೆ. ಉಳಿದ ಒಂಬತ್ತು ಮನೆಗಳಲ್ಲಿ ಅದರ ಮೇಲೆ ಬಟ್ಟೆ ಹೊದಿಸಿ, ದೇವರ ಫೋಟೋ ಇಟ್ಟಿದ್ದಾರೆ. ಯಾರೂ ನನ್ನೊಡನೆ ಸುಳ್ಳು ಹೇಳಲಿಲ್ಲ. ಗಿರವಿ ಇಟ್ಟ ಒಬ್ಬ ತಾಯಿ, ವಾರದ ಕಂತು ಕಟ್ಟುವ ದಿನ ಮನೆಯಲ್ಲಿ ಬೇರೆ ಏನೂ ಇರಲಿಲ್ಲ ಎಂದು ಹೇಳುವಾಗ ತಲೆ ತಗ್ಗಿಸಿದರು. ತಲೆ ತಗ್ಗಿಸಬೇಕಾದವರು ನಾವೇನೋ ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ.

ಈಗ ದಾನಿಗಳು, "ಎಷ್ಟು ಮಂದಿ ಸ್ವಾವಲಂಬಿಗಳಾದರು?" ಎಂದು ಕೇಳುತ್ತಿದ್ದಾರೆ. ಒಂಬತ್ತು ಎಂದು ಬರೆಯಲೇ? ಅವರಲ್ಲೂ ಮೂವರು ವಾರದ ಸಾಲದಲ್ಲಿದ್ದಾರೆ. ಸ್ವಾವಲಂಬನೆಯನ್ನು ಅಳೆಯುವ ಬಗೆ ಯಾವುದು, ಮುಂದಿನ ತಂಡವನ್ನು ಆರಿಸುವ ಮುನ್ನ ನಾವು ಏನನ್ನು ಬದಲಿಸಬೇಕು ಎಂಬುದನ್ನು ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ.

ಉತ್ತರ 1 – ನಿವೃತ್ತ ಬ್ಯಾಂಕ್ ಅಧಿಕಾರಿ, ಶಿರಸಿ

ನಮಸ್ಕಾರ. ಮೊದಲಿಗೆ, 24ರಲ್ಲಿ ಒಂಬತ್ತು ಎಂಬುದನ್ನು ಮುಚ್ಚಿಡದೆ ಬರೆದಿದ್ದಕ್ಕೆ ನಿಮಗೆ ಕೃತಜ್ಞತೆಗಳು. ಈ ಲೆಕ್ಕವನ್ನು ಮನೆಮನೆಗೆ ಹೋಗಿ ತೆಗೆಯುವ ಸಂಸ್ಥೆಗಳು ಕಡಿಮೆ.

ನನ್ನ ಸೇವೆಯ ಕೊನೆಯ ನಾಲ್ಕು ವರ್ಷಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೊಂದರಲ್ಲಿ (ಆರ್‌ಸೆಟಿ) ಕಳೆದವು. ಈ ಸಂಸ್ಥೆಗಳ ಮೂಲ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಆ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ದೇಶಕ್ಕೆಲ್ಲ ವಿಸ್ತರಿಸಿ, ಜಿಲ್ಲೆಗೊಂದು ಆರ್‌ಸೆಟಿಯನ್ನು ಬ್ಯಾಂಕುಗಳ ಹೊಣೆಗಾರಿಕೆಯಲ್ಲಿ ನಡೆಸುವ ವ್ಯವಸ್ಥೆ ಮಾಡಿತು. ಊಟ ವಸತಿಗಳೊಂದಿಗೆ ತರಬೇತಿ ಉಚಿತ. ಆದರೆ ಅಲ್ಲಿ ಯಂತ್ರವನ್ನಾಗಲಿ ಹಸುವನ್ನಾಗಲಿ ದಾನವಾಗಿ ಕೊಡುವುದಿಲ್ಲ. ಅಲ್ಲಿಂದ ಸಿಗುವುದು ತರಬೇತಿ, ಬ್ಯಾಂಕ್ ಸಾಲಕ್ಕೆ ಸಂಪರ್ಕ ಮತ್ತು ತರಬೇತಿ ಮುಗಿದ ಮೇಲೆ ಎರಡು ವರ್ಷಗಳ ಒಡನಾಟ. ಫಲ ಕೊಡುವುದು ಈ ಮೂರನೆಯದು ಎಂಬುದು ನನ್ನ ಅನುಭವ.

ನಮ್ಮಲ್ಲಿ ತರಬೇತಿಯ ಮೊದಲ ದಿನಗಳು ಕತ್ತರಿ ಹಿಡಿಯುವುದಕ್ಕೆ ಮೀಸಲಾಗಿರುತ್ತಿರಲಿಲ್ಲ. ನೆಲದಲ್ಲಿ ಒಂದು ಗೂಟ ನೆಟ್ಟು, ಎಷ್ಟು ದೂರದಿಂದ ಬಳೆ ಎಸೆಯುತ್ತೀರಿ ಎಂದು ಅಭ್ಯರ್ಥಿಗಳನ್ನೇ ಕೇಳುತ್ತಿದ್ದೆವು. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕುತ್ತಾರೆ, ಕೆಲವರು ಮುಟ್ಟಲಾಗದ ದೂರಕ್ಕೆ ಹೋಗಿ ಎಸೆಯುತ್ತಾರೆ. ತಮ್ಮ ಕೈಯ ಅಳತೆ ತಿಳಿದು ನಡುವೆ ನಿಲ್ಲುವವರು ಕೆಲವರೇ. ಆಟ ಮುಗಿದ ಮೇಲೆ ನಡೆಯುವ ಮಾತುಕತೆಯಲ್ಲಿ ಪ್ರತಿಯೊಬ್ಬರೂ ತಮ್ಮ ಸ್ವಭಾವವನ್ನು ತಾವೇ ಕಂಡುಕೊಳ್ಳುತ್ತಿದ್ದರು. ಅನಂತರ ಅವರನ್ನು ಪೇಟೆಗೆ ಕಳುಹಿಸಿ, ಎಷ್ಟು ಹೊಲಿಗೆ ಅಂಗಡಿಗಳಿವೆ, ರವಿಕೆಗೆ ಎಷ್ಟು ಕೂಲಿ, ಫಾಲ್ ಮತ್ತು ಪಿಕೋ ಮಾಡುವವರು ಯಾರು, ಶಾಲಾ ಸಮವಸ್ತ್ರದ ಕೆಲಸ ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ಅವರೇ ಕೇಳಿ ಬರೆದುಕೊಂಡು ಬರುವಂತೆ ಮಾಡುತ್ತಿದ್ದೆವು. ಬ್ಯಾಡಗಿಯಂಥ ಪಟ್ಟಣದಲ್ಲಿ ಒಂದೇ ಸಲಕ್ಕೆ 24 ಹೊಸ ದರ್ಜಿಗಳಿಗೆ ರವಿಕೆ ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಯಂತ್ರ ಕೊಳ್ಳುವ ಮೊದಲು ಕೇಳಿದ್ದರೆ, ಕೆಲವರು ಹೊಲಿಗೆಯ ಬದಲು ರೊಟ್ಟಿ ವ್ಯಾಪಾರವನ್ನೋ ಹೈನುಗಾರಿಕೆಯನ್ನೋ ಆರಿಸಿಕೊಳ್ಳುತ್ತಿದ್ದರು.

ಇನ್ನೊಂದು ಮಾತನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ: ಪೂರ್ತಿ ಉಚಿತವಾಗಿ ಕೊಡುವುದನ್ನು ನಿಲ್ಲಿಸಿ. ಸ್ವಲ್ಪವಾದರೂ ಸ್ವಂತ ಹಣ, ಸ್ವಲ್ಪ ಸಾಲ, ಸ್ವಲ್ಪ ಸಹಾಯಧನ ಇರಲಿ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದಕ್ಕೆಂದೇ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರಿಗೆ ಘಟಕ ವೆಚ್ಚದ ಶೇ 50ರಷ್ಟು, ಇತರರಿಗೆ ಶೇ 30ರಷ್ಟು ಸಹಾಯಧನ ಸಿಗುತ್ತದೆ. ಅರ್ಜಿ, ಯೋಜನಾ ವರದಿ, ಬ್ಯಾಂಕಿನ ಓಡಾಟ ಇವೇ ಬಡವರನ್ನು ಹಿಂದೆ ಸರಿಸುತ್ತವೆ. ನಿಮ್ಮ ಟ್ರಸ್ಟಿನ ಶಿಕ್ಷಕರು ಅಲ್ಲಿ ಜೊತೆಗೆ ನಿಂತರೆ ಯಂತ್ರ ಕೊಡಿಸಿದ್ದಕ್ಕಿಂತ ದೊಡ್ಡ ಉಪಕಾರವಾದೀತು.

ಉತ್ತರ 2 – ಸ್ವಸಹಾಯ ಸಂಘಗಳ ಕ್ಷೇತ್ರ ಕಾರ್ಯಕರ್ತ, ಕೋಲಾರ ಜಿಲ್ಲೆ

ಗಿರವಿ ಇಟ್ಟ ಆ ತಾಯಿಯ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಯಂತ್ರಕ್ಕಿಂತ ಮೊದಲು ಆ ಮನೆಗೆ ವಾರದ ಕಂತು ಬಂದಿತ್ತು. ತಳ ಒಡೆದ ಕೊಡಕ್ಕೆ ಎಷ್ಟು ನೀರು ಸುರಿದರೂ ನಿಲ್ಲುವುದಿಲ್ಲ. ಆದ್ದರಿಂದ ಮುಂದಿನ ತಂಡದಲ್ಲಿ ತರಬೇತಿಗೆ ಮುನ್ನ ಪ್ರತಿ ಮನೆಯ ಸಾಲದ ಲೆಕ್ಕ ಬರೆಯಿರಿ: ಯಾವ ಕಂಪನಿಗೆ, ಯಾವ ವಾರ, ಎಷ್ಟು ಕಂತು, ಇನ್ನೆಷ್ಟು ಬಾಕಿ, ಅದರ ಪಕ್ಕದಲ್ಲಿ ಕೂಲಿ ಇರುವ ತಿಂಗಳ ಮತ್ತು ಕೂಲಿ ಇಲ್ಲದ ತಿಂಗಳ ಆದಾಯ. ಈ ಒಂದು ಹಾಳೆಯನ್ನು ನೋಡಿದರೆ ಯಾರಿಗೆ ಹೊಸ ಉದ್ಯೋಗ ಬೇಕು, ಯಾರಿಗೆ ಮೊದಲು ಸಾಲದಿಂದ ಬಿಡುಗಡೆ ಬೇಕು ಎಂಬುದು ತಾನೇ ಕಾಣುತ್ತದೆ.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಕಿರುಸಾಲ ಎನಿಸುತ್ತದೆ, ಮತ್ತು ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತಿನ ಪುಸ್ತಕ ಕೈಯಲ್ಲಿರುವ ಬಹುಪಾಲು ಹೆಣ್ಣುಮಕ್ಕಳಿಗೆ ಈ ಎರಡು ವಾಕ್ಯಗಳನ್ನು ಯಾರೂ ಓದಿ ಹೇಳಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೂ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ಕಾನೂನು ಬಾಗಿಲಿಗೆ ಬರುವ ಅವಮಾನವನ್ನು ತಡೆಯಬಹುದು. ಮಳೆಗಾಲದ ಅಕ್ಕಿಗೆ ಮತ್ತೆ ಸಾಲ ಬೇಕಾದಾಗ ಅದು ನೆರವಿಗೆ ಬರುವುದಿಲ್ಲ. ಆಗ ಬೇಕಾಗುವುದು ತಮ್ಮದೇ ಉಳಿತಾಯದ ಪೆಟ್ಟಿಗೆ.

ಆ ಪೆಟ್ಟಿಗೆಯ ಕಥೆಯೂ ನಮ್ಮ ನೆಲದ್ದೇ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ, ಅನಂತರ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1984–85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಬ್ಬಿಬ್ಬರ ಹಿಡಿತಕ್ಕೆ ಸಿಕ್ಕಿ ಒಡೆದವು. ಆಗ ಕೆಲವು ಸದಸ್ಯರು ಚಿಕ್ಕ ಗುಂಪುಗಳಾಗಿ ಬಂದು, ಹಣವನ್ನು ಹಿಂದಿರುಗಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕಲ್ಲ, ನಿಮಗೇ ಕೊಡುತ್ತೇವೆ ಎಂದರು. ಆ ಹಣವನ್ನು ನಿಮ್ಮ ಗುಂಪಿನಲ್ಲೇ ಇಟ್ಟುಕೊಂಡು ನಡೆಸಿ ಎಂದು ಸಂಸ್ಥೆ ಹೇಳಿತು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿದ್ದ ಆ ಚಿಕ್ಕ ಗುಂಪುಗಳೇ ಬೆಳೆದು ಸ್ವಸಹಾಯ ಸಂಘಗಳಾದವು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅವುಗಳಿಗೆ ನೆರವು ಕೊಟ್ಟಿತು, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭವಾಯಿತು. ಗುಂಪು ಕಟ್ಟಿದವರು ಹೊರಗಿನವರಲ್ಲ, ಸದಸ್ಯರೇ ಎಂಬುದನ್ನು ಮರೆಯಬೇಡಿ. ನಿಮ್ಮ 24 ಮಂದಿಯನ್ನು ನೀವೇ ಎರಡು ಭಾಗ ಮಾಡಿ ಸಂಘ ಎಂದು ಕರೆದರೆ ಅದು ಹಾಜರಿ ಪಟ್ಟಿಯಾಗುತ್ತದೆಯೇ ಹೊರತು ಸಂಘವಾಗುವುದಿಲ್ಲ. ತುಂಬು ಬಿಡಿಸುವಾಗ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಒಂದು ವಾರ ನೋಡಿ. ಸಂಘ ಅಲ್ಲಿ ಆಗಲೇ ಇರುತ್ತದೆ.

ಒಂದು ಎಚ್ಚರಿಕೆ: ನಿಮ್ಮ ಟ್ರಸ್ಟ್ ತಾನೇ ಸಾಲ ಕೊಡಲು, ಅಥವಾ ಯಾರದೋ ಸಾಲಕ್ಕೆ ಜಾಮೀನು ನಿಲ್ಲಲು ಹೋಗಬಾರದು. ಕಂತು ಕೇಳುವ ದಿನದಿಂದ ನೀವು ಆ ಮನೆಯ ಆಪ್ತರಾಗಿ ಉಳಿಯುವುದಿಲ್ಲ.

ಉತ್ತರ 3 – ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ, ಕೊಪ್ಪಳ ಜಿಲ್ಲೆ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ನಮ್ಮ ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ, ಲೆಕ್ಕ ಬರೆಯುತ್ತೇನೆ. ಇಂಥ ನೆರವನ್ನು ಪಡೆದವಳಾಗಿ ಬರೆಯುತ್ತಿದ್ದೇನೆ, ಆದ್ದರಿಂದ ಶಿರಸಿಯ ಸರ್ ಅವರ ಒಂದು ಮಾತನ್ನು ಒಪ್ಪಲಾರೆ ಎಂದು ಹೇಳಲು ಅನುಮತಿ ಬೇಡುತ್ತೇನೆ.

ನನ್ನ ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಆ ವರ್ಷ ಯಾರಾದರೂ ನನಗೆ, "ಸ್ವಲ್ಪ ನಿಮ್ಮ ಹಣ ಹಾಕಿ, ಉಳಿದದ್ದಕ್ಕೆ ಸಾಲ ಕೊಡಿಸುತ್ತೇವೆ" ಎಂದಿದ್ದರೆ ನಾನು ಎದ್ದು ಮನೆಗೆ ಬರುತ್ತಿದ್ದೆ. ಹಾಕಲು ಹಣವಿರಲಿಲ್ಲ ಎಂಬುದಷ್ಟೇ ಕಾರಣವಲ್ಲ. ಕಟ್ಟಲಾಗದಿದ್ದರೆ ಉಳಿದ ಒಂದೇ ಆಸ್ತಿಯಾದ ಮರ್ಯಾದೆಯೂ ಹೋಗುತ್ತದೆ ಎಂಬ ಭಯ. ನಮ್ಮ ಓಣಿಯಲ್ಲಿ ಸಂಘ ಇತ್ತು, ಆದರೆ ವಾರಕ್ಕೆ 20 ರೂಪಾಯಿ ತಪ್ಪದೆ ಕಟ್ಟಬಲ್ಲೆನೆಂಬ ಧೈರ್ಯವಿಲ್ಲದೆ ಎರಡು ವರ್ಷ ಅದರ ಹೊರಗೇ ನಿಂತೆ. ಕೊನೆಗೆ ಸಂಘದ ಒಬ್ಬ ಅಕ್ಕ ತಮ್ಮ ಮೇಕೆಯ ಮರಿಯೊಂದನ್ನು ನನಗೆ ಸುಮ್ಮನೆ ಕೊಟ್ಟು, "ಬೆಳೆಸು, ಆಮೇಲೆ ಮಾತಾಡೋಣ" ಎಂದರು. ನನ್ನ ಮೊದಲ ವರ್ಷದ ಉಳಿತಾಯ ಆ ಮೇಕೆಯಿಂದ ಬಂದದ್ದು. ತೀರ ಕೆಳಗಿರುವವರಿಗೆ ಮೊದಲ ಮೆಟ್ಟಿಲು ದಾನವೇ ಆಗಿರಬೇಕು. ಎರಡನೆಯ ಮೆಟ್ಟಿಲಿನಿಂದ ಸಾಲ ನಡೆಯುತ್ತದೆ.

ಅಳತೆಯ ಬಗ್ಗೆ ಕೇಳಿದ್ದೀರಿ. ನಮ್ಮ ಸಂಘಗಳಲ್ಲಿ ಪಂಚಸೂತ್ರ ಎಂದು ಹೇಳುತ್ತೇವೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಇದು ಸಂಘ ಗಟ್ಟಿಯಾಗಿದೆಯೇ ಎಂದು ತಿಳಿಸುತ್ತದೆ. ಹೆಂಗಸು ಗಟ್ಟಿಯಾಗಿದ್ದಾಳೆಯೇ ಎಂದು ತಿಳಿಯಲು ನಾವು ನಾವೇ ಕೂತು ಬೇರೆ ಪ್ರಶ್ನೆಗಳನ್ನು ಇಟ್ಟುಕೊಂಡೆವು. ಕೂಲಿ ಇಲ್ಲದ ಎರಡು ತಿಂಗಳು ಹೊಸ ಸಾಲವಿಲ್ಲದೆ ಕಳೆದಳೇ? ಮಗುವಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಯ ಹಣಕ್ಕೆ ಮೇಸ್ತ್ರಿಯ ಮನೆಯ ಬಾಗಿಲಿಗೆ ಹೋಗಬೇಕಾಯಿತೇ, ಅಥವಾ ಸಂಘದಿಂದಲೇ ಸಿಕ್ಕಿತೇ? ಮಗಳು ಎಂಟನೆಯ ತರಗತಿಯ ನಂತರ ಶಾಲೆಯಲ್ಲಿ ಉಳಿದಳೇ? ತಾನು ದುಡಿದ ಹಣ ಎಲ್ಲಿ ಹೋಗಬೇಕೆಂದು ತಾನೇ ಹೇಳಬಲ್ಲಳೇ? ಈ ನಾಲ್ಕಕ್ಕೂ ನೆಮ್ಮದಿಯ ಉತ್ತರ ಕೊಟ್ಟವಳನ್ನು ನಾವು ನಿಂತವಳು ಎನ್ನುತ್ತೇವೆ. ಯಂತ್ರ ನಡೆಯುತ್ತಿದೆಯೇ ಎಂಬುದು ಇದರಲ್ಲಿ ಇಲ್ಲ. ಯಂತ್ರವನ್ನು ಮಾರಿ ಆಡು ಕೊಂಡಿರುವವರೂ ನಿಮ್ಮ ಆರು ಮನೆಗಳಲ್ಲಿ ಇರಬಹುದು. ಮಾರಿದ ಹಣ ಏನಾಯಿತೆಂದು ದಯವಿಟ್ಟು ಮತ್ತೊಮ್ಮೆ ಹೋಗಿ ಕೇಳಿ.

ಇನ್ನೊಂದು ಚಿಕ್ಕ ಮಾತು. ನಿಮ್ಮ ಸಭೆಗಳು ಎಷ್ಟು ಗಂಟೆಗೆ ನಡೆಯುತ್ತವೆ? ಸಂಸ್ಥೆಯವರು ಕರೆದ ಹಗಲಿನ ಸಭೆಗಳಿಗಾಗಿ ನಾನು ಎಷ್ಟೋ ದಿನಗಳ ಕೂಲಿ ಕಳೆದುಕೊಂಡಿದ್ದೇನೆ. ಕರೆದವರ ಮೇಲಿನ ಗೌರವಕ್ಕೆ ಬಂದು ಕೂರುತ್ತೇವೆ, ಮನಸ್ಸು ಮಾತ್ರ ಹೊಲದಲ್ಲಿರುತ್ತದೆ.

ಉತ್ತರ 1ರವರಿಂದ ಮತ್ತೆ – ಶಿರಸಿ

ಕೊಪ್ಪಳದ ತಂಗಿಯ ಮಾತನ್ನು ಎರಡು ಸಲ ಓದಿದೆ. ಅವರು ಹೇಳಿದ್ದು ಸರಿ. ನನ್ನ ಮಾತು ಬ್ಯಾಂಕಿನ ಬಾಗಿಲವರೆಗೆ ಬರಬಲ್ಲವರಿಗೆ ಮಾತ್ರ ಹೊಂದುತ್ತದೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಇದೇ ಕಾರಣಕ್ಕಾಗಿ ಕಡುಬಡವರಿಗೆ ಬೇರೆ ಕಾರ್ಯಕ್ರಮ ಆರಂಭಿಸಿತು: ಒಂದು ಜಾನುವಾರು ಅಥವಾ ಚಿಕ್ಕ ಅಂಗಡಿಯ ಬಂಡವಾಳ ದಾನವಾಗಿ, ಅದು ಫಲ ಕೊಡುವವರೆಗೆ ಹೊಟ್ಟೆಗೆ ಒಂದಿಷ್ಟು ಹಣ, ಉಳಿತಾಯದ ಅಭ್ಯಾಸ, ಮತ್ತು ಸುಮಾರು ಎರಡು ವರ್ಷ ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತೆ. ಇದೇ ಬಗೆಯ ಕಾರ್ಯಕ್ರಮವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ವರ್ಷ ಕಳೆದ ಮೇಲೂ ಹೆಚ್ಚಿನ ಕಡೆ ಕುಟುಂಬಗಳ ಸ್ಥಿತಿ ಮೊದಲಿಗಿಂತ ಮೇಲಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗಕ್ಕೆ ಸತ್ತು ನಿರೀಕ್ಷಿಸಿದ ಫಲ ಬರಲಿಲ್ಲ. ಆದ್ದರಿಂದ ನನ್ನ ಮೊದಲಿನ ಸಲಹೆಯನ್ನು ತಿದ್ದಿಕೊಳ್ಳುತ್ತೇನೆ. ದಾನ ಕೊಡಬಹುದು, ಆದರೆ ದಾನ ಕೊಟ್ಟ ಮಾರನೆಯ ದಿನದಿಂದ ಎರಡು ವರ್ಷ ಹೋಗಿ ಬರುವವರನ್ನು ಮೊದಲೇ ಗೊತ್ತುಮಾಡಿಕೊಂಡು ಕೊಡಿ. ಅಂಥವರು ನಾಲ್ವರೇ ಸಿಕ್ಕರೆ, ಅವರು ನೋಡಿಕೊಳ್ಳಬಲ್ಲಷ್ಟು ಮನೆಗಳನ್ನು ಮಾತ್ರ ಆರಿಸಿಕೊಳ್ಳಿ.

ಉತ್ತರ 4 – ಒಹಾಯೊ, ಅಮೆರಿಕ (ಮೂಲ ಊರು ದಾವಣಗೆರೆ)

ನಾನು ಇಲ್ಲಿನ ಒಂದು ಸಮುದಾಯ ಕ್ರಿಯಾ ಸಂಸ್ಥೆಯಲ್ಲಿ ಸ್ವಯಂಸೇವಕನಾಗಿದ್ದೇನೆ. ದೇಶ ಬೇರೆ, ಬಡತನದ ಮುಖವೂ ಬೇರೆ. ಆದರೂ ಎರಡು ವಿಷಯಗಳು ನಿಮಗೆ ಉಪಯೋಗಕ್ಕೆ ಬರಬಹುದು.

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ಆರ್ಥಿಕ ಅವಕಾಶ ಕಾಯ್ದೆಯಿಂದ ಈ ಸಂಸ್ಥೆಗಳು ಹುಟ್ಟಿದವು. ಇಂದು ದೇಶದಾದ್ಯಂತ ಸುಮಾರು ಸಾವಿರ ಇವೆ. ಚಿಕ್ಕ ಮಕ್ಕಳ ಶಾಲೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಇಂಧನದ ಬಿಲ್ಲಿಗೆ ನೆರವು, ಉದ್ಯೋಗ ತರಬೇತಿ ಹೀಗೆ ಹಲವು ಕೆಲಸಗಳನ್ನು ಒಂದೇ ಸೂರಿನಡಿ ಮಾಡುತ್ತವೆ. ಅವುಗಳ ಆಡಳಿತ ಮಂಡಳಿ ಹೇಗಿರಬೇಕೆಂದು ಕಾನೂನೇ ಹೇಳುತ್ತದೆ. ಮೂರನೆಯ ಒಂದು ಭಾಗ ಚುನಾಯಿತ ಪ್ರತಿನಿಧಿಗಳು. ಕನಿಷ್ಠ ಮೂರನೆಯ ಒಂದು ಭಾಗ ಆ ಪ್ರದೇಶದ ಬಡ ಜನರು ತಾವೇ ಆರಿಸಿ ಕಳುಹಿಸಿದವರು. ಉಳಿದವರು ವ್ಯಾಪಾರ, ಕಾರ್ಮಿಕ ಸಂಘ, ಧಾರ್ಮಿಕ ಸಂಸ್ಥೆ ಮುಂತಾದ ಕಡೆಯವರು. ನಾನು ಕೂತು ನೋಡಿದ ಸಭೆಯೊಂದರಲ್ಲಿ, ತರಬೇತಿ ಕೇಂದ್ರಕ್ಕೆ ಹೊಸ ಕಟ್ಟಡ ಬೇಕೆಂಬ ಚರ್ಚೆ ಬಹಳ ಹೊತ್ತು ನಡೆಯಿತು. ಆ ಓಣಿಯಿಂದ ಬಂದಿದ್ದ ಒಬ್ಬ ಅಜ್ಜಿ ಎದ್ದು, ಸಂಜೆ ಏಳರ ನಂತರ ಅಲ್ಲಿಗೆ ಬಸ್ಸೇ ಇಲ್ಲ ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ನಿಮ್ಮ ಟ್ರಸ್ಟಿನ ಏಳು ಮಂದಿಯ ವಿವರ ಓದುವಾಗ ಅದರಲ್ಲಿ ತುಂಬು ಬಿಡಿಸುವವರು ಒಬ್ಬರೂ ಇಲ್ಲದಿರುವುದು ನನ್ನ ಗಮನಕ್ಕೆ ಬಂತು. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ನಿಮ್ಮ ಮಟ್ಟದಲ್ಲಿ ಬೇಗ ಸರಿಪಡಿಸಬಹುದಾದ ಸಂಗತಿ ಇದೊಂದೇ ಎಂದು ಹೇಳುತ್ತಿದ್ದೇನೆ.

ಎರಡನೆಯದು, ಆದಾಯ ಸ್ವಲ್ಪ ಏರಿದೊಡನೆ ನೆರವು ಒಮ್ಮೆಲೇ ನಿಂತುಹೋಗುವ ಭಯ. ಗಂಟೆಯ ಕೂಲಿ ಸ್ವಲ್ಪ ಹೆಚ್ಚಿದ ತಾಯಿ ಮಗುವಿನ ಪಾಲನೆಯ ನೆರವನ್ನು ಕಳೆದುಕೊಂಡು ಮೊದಲಿಗಿಂತ ಬಡವಾಗುವುದನ್ನು ಇಲ್ಲಿ ಕಾಣುತ್ತೇವೆ. ನಮ್ಮಲ್ಲಿಯೂ ಬಿಪಿಎಲ್ ಚೀಟಿಗೆ ವಾರ್ಷಿಕ 1.20 ಲಕ್ಷ ರೂಪಾಯಿಯ ಆದಾಯ ಮಿತಿ ಇದೆ. ಗಳಿಕೆಯನ್ನು ಬರೆದುಕೊಡಲು ನಿಮ್ಮ ಫಲಾನುಭವಿಗಳು ಹಿಂಜರಿದರೆ ಅದನ್ನು ಅಪ್ರಾಮಾಣಿಕತೆ ಎಂದು ತಿಳಿಯಬೇಡಿ. ಚೀಟಿ ಹೋದರೆ ಅಕ್ಕಿ ಹೋಗುತ್ತದೆ ಎಂಬ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಿಮ್ಮ ಸಮೀಕ್ಷೆಯ ಹಾಳೆ ಟ್ರಸ್ಟಿನ ಹೊರಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಆ ಮಾತನ್ನು ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ – ಬ್ಯಾಡಗಿ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು.

ಕೊಪ್ಪಳದ ಸಹೋದರಿ ಹೇಳಿದಂತೆ ಆರು ಮನೆಗಳಿಗೆ ಮತ್ತೆ ಹೋದೆ. ಯಂತ್ರ ಮಾರಿದ ಇಬ್ಬರಲ್ಲಿ ಒಬ್ಬರು ಆ ಹಣದಿಂದ ರೊಟ್ಟಿಯ ಹಂಚು ಮತ್ತು ಜೋಳದ ಹಿಟ್ಟು ಕೊಂಡು, ದಿನಕ್ಕೆ ನೂರಕ್ಕೂ ಹೆಚ್ಚು ಖಡಕ್ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಿದ್ದಾರೆ. ಹೊಸ ಸಾಲವಿಲ್ಲ. ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಾನು "ವಿಫಲ" ಎಂದು ಬರೆದಿದ್ದೆ. ಅದನ್ನು ಅವರ ಎದುರಿನಲ್ಲೇ ಹೊಡೆದುಹಾಕಿದೆ.

ದಾನಿಗಳಿಗೆ ವರದಿ ಕಳುಹಿಸಿದ್ದೇನೆ. ಒಂಬತ್ತು ಎಂಬ ಒಂದೇ ಅಂಕಿಯ ಬದಲಿಗೆ 24 ಮನೆಗಳ ಸ್ಥಿತಿಯನ್ನೂ ಆ ನಾಲ್ಕು ಪ್ರಶ್ನೆಗಳ ಪ್ರಕಾರ, ಹೆಸರುಗಳನ್ನು ಬಿಟ್ಟು ಬರೆದೆ. ನಾಲ್ಕಕ್ಕೂ ನೆಮ್ಮದಿಯ ಉತ್ತರ ಸಿಕ್ಕಿದ್ದು ಐದು ಮನೆಗಳಲ್ಲಿ ಮಾತ್ರ. ರೊಟ್ಟಿಯವರದು ಅವುಗಳಲ್ಲಿ ಒಂದು. ಒಬ್ಬ ದಾನಿ ಬೇಸರಪಟ್ಟರು. ಇನ್ನೊಬ್ಬರು, ಎರಡು ವರ್ಷ ಮನೆಮನೆಗೆ ಹೋಗಿ ಬರುವ ಒಬ್ಬ ಕಾರ್ಯಕರ್ತೆಯ ಸಂಬಳವನ್ನು ತಾವು ಕೊಡುವುದಾಗಿ ಹೇಳಿದ್ದಾರೆ.

ಟ್ರಸ್ಟಿನ ಪತ್ರದಲ್ಲಿ ಇನ್ನೂ ನಾಲ್ವರನ್ನು ಸೇರಿಸಿಕೊಳ್ಳಲು ಅವಕಾಶವಿದೆ. ಆ ನಾಲ್ವರನ್ನು ತುಂಬು ಬಿಡಿಸುವ ಹೆಣ್ಣುಮಕ್ಕಳೇ ಆರಿಸಬೇಕೆಂದು ಕೇಳಿಕೊಂಡಿದ್ದೇವೆ. ಅದಕ್ಕಾಗಿ ಬರುವ ಸೋಮವಾರ ರಾತ್ರಿ ಎಂಟು ಗಂಟೆಗೆ, ಕೂಲಿ ಮುಗಿದು ಅಡುಗೆಯಾದ ಮೇಲೆ, ಅವರ ಓಣಿಯ ಗುಡಿಯ ಕಟ್ಟೆಯ ಮೇಲೆ ಸೇರುತ್ತಿದ್ದೇವೆ. ಸಮಯವನ್ನೂ ಜಾಗವನ್ನೂ ಅವರೇ ಹೇಳಿದರು.